ಒಡ್ಡಿನ ಪಕ್ಕದ ಸಾಲು

೯ ಡಿಸೆಂಬರ್ ೨೦೨೫, ಹೂಲಿ

ರೊಟ್ಟಿ ಬಡಿದು, ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋದೆ. ಟ್ರಯಲ್‌ಗೆಂದು ನಾವು ಸೈಂಟಿಸ್ಟರಿಗೆ ಬಿಟ್ಟುಕೊಟ್ಟ ಹೊಲದ ತುಂಡು ನೋಡಿ ಕಾಲು ಅಲ್ಲೇ ನಿಂತವು. ಅರ್ಧ ಜೋಳಕ್ಕೆ ಪೈಪಿನ ನೀರು, ಇನ್ನರ್ಧ ಬಾಯಿ ಬಿಡುತ್ತಿದೆ. ಒಂದೇ ಪಂಕ್ತಿಯಲ್ಲಿ ಕೂಡಿಸಿ, ಒಬ್ಬರಿಗೆ ಬಡಿಸಿ ಒಬ್ಬರನ್ನು ಉಪವಾಸ ಕೆಡವಿದಂತೆ!

ಟ್ರಯಲ್ ಕಾಯುವ ಕೆಲಸ ಮೊಮ್ಮಗಳು ಭಾಗ್ಯಾಳದು. ನಕ್ಕಳು.

“ಬೇಕಂತನ ಬಿಟ್ಟಿಲ್ಲ ಆಯಿ. ಒಂದೊಂದು ಸಾಲು ಒಂದೊಂದು ತಳಿ, ಯಾವುದು ಬರ ತಡೀತೈತಿ ಅಂತ ನೋಡಾಕ. ಆಸ್ಟ್ರೇಲಿಯಾ, ಕೀನ್ಯಾ, ನಮ್ಮವರು — ಎಲ್ಲಾರೂ ಕೂಡಿ ಮಾಡಾಕತ್ತಾರ.”

“ಉಪವಾಸ ಕೆಡವಾಕ ಇಷ್ಟು ದೇಶ ಕೂಡಬೇಕಾತೇನ? ನನಗ ನಿಮ್ಮವ್ವ ಒಬ್ಬಾಕಿ ಸಾಕಾಗಿದ್ಲಲ್ಲ!”

೧೯ ಡಿಸೆಂಬರ್, ಎಳ್ಳಮಾವಾಸ್ಯೆ

ಚರಗ ಚೆಲ್ಲಿದೆವು. ಭೂಮಿತಾಯಿಗೆ ಸಜ್ಜಿರೊಟ್ಟಿ, ಕಡಬು, ಪುಂಡಿಪಲ್ಲೆ ಎಲ್ಲ ಉಣಿಸಿ, ಆ ಬಾಡಿದ ಸಾಲುಗಳನ್ನು ದಾಟಿ ಬರುವುದೆ? ಹಬ್ಬದ ದಿನ? ಎಲ್ಲರೂ ಉಣ್ಣಲು ಕುಳಿತಾಗ ಕೊಡ ಎತ್ತಿದೆ. ಒಡ್ಡಿನ ಪಕ್ಕದ ಒಂದು ಸಾಲಿಗಷ್ಟೇ ಸುರಿದೆ. ಒಳಗೆ ಇಳಿಯಲು ಮೊಣಕಾಲು ಒಪ್ಪಲಿಲ್ಲ.

ಭಾಗ್ಯಾ ನೋಡಲಿಲ್ಲ. ಫೋಟೋ ತೆಗೆಯುತ್ತಿದ್ದಳು... ತನ್ನದೇ.

೬ ಜನವರಿ

ಭಾಗ್ಯಾ ಹೊಲಕ್ಕೆ ಬರುವ ಮೊದಲೇ ಇವತ್ತೂ ಸುರಿದು ಬಂದೆ. ಬಾಯಿಲ್ಲದ ಜೀವ. ಚಟವಾಗಿಬಿಟ್ಟಿದೆ.

೩ ಫೆಬ್ರುವರಿ, ಸಂಜೆ

ಸಂಜೆಯ ರೊಟ್ಟಿ ಬಡಿಯದೆ ಬರೆಯಲು ಕುಳಿತಿದ್ದೇನೆ.

ಕೀನ್ಯಾದ ಸೈಂಟಿಸ್ಟ್ ಬಂದಿದ್ದಳು, ಅಚಿಯೆಂಗ್. ನಮ್ಮ ಖಾರಕ್ಕೆ ಮೂಗು ಸೋರಿದರೂ ರೊಟ್ಟಿ ಬಿಡಲಿಲ್ಲ, ಗಟ್ಟಿ ಹುಡುಗಿ. ಹೊಲಕ್ಕೆ ಹೋದೆವು. ನೀರಿಲ್ಲದ ಕಡೆ ಎಲ್ಲ ಒಣಗಿ ನಿಂತಿದೆ — ಒಡ್ಡಿನ ಪಕ್ಕದ ಸಾಲು ಮಾತ್ರ ಹಚ್ಚಹಸಿರು. ಆಕೆ ಅದರ ಎಲೆ ಹಿಡಿದು ಅತ್ತೇಬಿಟ್ಟಳು.

“ಆಯಿ, ಸಿಕ್ಕಿತಂತ!” ಭಾಗ್ಯಾ ಕುಣಿದಳು. “ಉಳದ ತಳಿ ಎಲ್ಲಾ ಬಿಟ್ಟು ಇದನ್ನ ಒಯ್ತಾರಂತ. ಮುಂದಿನ ಸಲ ಕೀನ್ಯಾದಾಗ, ಇವರ ಅವ್ವನ ಹೊಲದಾಗ ಬಿತ್ತೂದು. ಅಲ್ಲಿ ಮಳಿನೂ ಇಲ್ಲ, ಪೈಪೂ ಇಲ್ಲಂತ.”

ಬುತ್ತಿ ಎತ್ತಿಕೊಂಡು ಮನೆಗೆ ಬಂದುಬಿಟ್ಟೆ.

ಹೇಳಿದರೆ ಭಾಗ್ಯಾಳ ಕೆಲಸ ಹೋದೀತು. ಹೇಳದಿದ್ದರೆ... ಆ ಅವ್ವನೂ ನನ್ನಂಥ ಮುದುಕಿಯೇ ಇರಬೇಕು. ಹಸಿರಾಗುತ್ತದೆಂದು ನಂಬಿ ಬಿತ್ತುತ್ತಾಳೆ. ನನ್ನ ಕೊಡ ಅಲ್ಲಿಗೆ ಹೋಗುವುದಿಲ್ಲ.

೪ ಫೆಬ್ರುವರಿ, ಬೆಳಿಗ್ಗೆ

ಇವತ್ತು ಆ ಸಾಲಿನ ತೆನೆ ಕೊಯ್ಯುತ್ತಾರೆ. ಅಚಿಯೆಂಗ್‌ಗೆ ನನ್ನ ಮಾತು ತಿಳಿಯದು. ತಿಳಿಯಬೇಕಿಲ್ಲ. ಅವಳ ಎದುರಿಗೇ ಆ ಸಾಲಿಗೆ ಸುರಿಯುತ್ತೇನೆ, ದಿನಾ ಸುರಿದ ಹಾಗೆ. ಕಣ್ಣಿದ್ದವಳು, ನೋಡಿ ತಿಳಿದಾಳು.

ಕೊಡ ತುಂಬಿಟ್ಟಿದ್ದೇನೆ. ಜೀಪು ಬಂತು. ಭಾಗ್ಯಾ ಬಾಗಿಲಲ್ಲಿ ನಿಂತು ನಗುತ್ತಿದ್ದಾಳೆ —

“ಆಯಿ, ಕೊಯ್ಲಿಗೆ ಹೊಂಟೇವಿ. ಕೊಡಾ ಯಾಕ?”

ಈಗ ಅವಳಿಗೆ ಹೇಳಿಯೇ ಕೊಡ ಎತ್ತುತ್ತೇನೆ.