ಲಕ್ಷ್ಮಿಯ ‘ರಾ’

13-1-1957, ಭಾನುವಾರ

ಹುಡುಗಿಯರ ಕಾಂಪೋಸಿಷನ್ ತಿದ್ದುವುದು ಅರ್ಧಕ್ಕೇ ನಿಂತಿದೆ. ಅವ್ವ ಊಟಕ್ಕೂ ಮೊದಲೇ ಇಳಕಲ್ ಸೀರೆ ಉಟ್ಟು ಕೂತಿದ್ದಾಳೆ. ಮ್ಯಾಟಿನಿಗೆ. ಹತ್ತೊಂಬತ್ತು ವರ್ಷದ ಹಿಂದಿನ ಚಿತ್ರ ಮತ್ತೆ ಬಂದಿದೆ. ಅದರಲ್ಲಿ ನನ್ನ ತಂಗಿ ಆದಿಲಕ್ಷ್ಮಿಯದು ಒಂದೇ ದೃಶ್ಯ — ಮನೆ ಬಿಟ್ಟು ಹೊರಟ ತಂದೆಯನ್ನು ಕೂಗಿ ಕರೆಯುವುದು. ‘ಯಪ್ಪಾ, ಹಿಂದಕ ಬಾ’ ಎನ್ನಬೇಕಿತ್ತು. ಅಳುವಿನ ಭರದಲ್ಲಿ ತೆಲುಗು ನುಗ್ಗಿತು: ‘ಯಪ್ಪಾ, ಹಿಂದಕ ರಾ!’ ಹಾಗೇ ಉಳಿಸಿದ್ದರು. ಕನ್ನಡ ತೆಲುಗು ಬೆರೆಸಿ ಆಡುವ ನಮ್ಮ ಆದೋನಿಯ ಜನ ಸೀಟಿ ಹೊಡೆದಿದ್ದರು, ತಮ್ಮ ಮನೆಯ ಮಾತೆಂದು.

ಮರುವರ್ಷವೇ ಲಕ್ಷ್ಮಿ ತೀರಿಹೋದಳು. ಅವಳ ದನಿ ಉಳಿದಿರುವುದು ಅಲ್ಲಿ ಮಾತ್ರ. ಅವ್ವನಿಗೆ ಈಗ ಕಣ್ಣಿಲ್ಲ. ಕಿವಿ ಇದೆ.

ಸಂಜೆ 6

ಸಿಟ್ಟು ಇನ್ನೂ ಇಳಿದಿಲ್ಲ. ಲಕ್ಷ್ಮಿ ಪರದೆಯ ಮೇಲೆ ಬಂದಳು, ಬಾಯಿ ತೆರೆದಳು. ಬಂದದ್ದು ಯಾರದೋ ನುಣ್ಣನೆಯ ಹೊಸ ದನಿ: ‘ತಂದೆಯೇ, ಹಿಂದಿರುಗಿ ಬಾ.’

“ಲಕ್ಷ್ಮಿ ಬಂದ್ಲೇನ?”

“ಬಂದಾಳವ್ವಾ. ಎದುರಿಗೇ ನಿಂತಾಳ.”

“ಮತ್ತ ಮಾತಾಡಿದಾಕಿ ಯಾರು?”



15-1

ಚಿತ್ರ ತೆಗೆದ ವೆಂಕಟಪ್ಪನವರು ಸನ್ಮಾನಕ್ಕೆಂದು ಬಂದಿದ್ದಾರೆ. ಇಲ್ಲೇ ಪಕ್ಕದ ಆಲೂರಿನವರೇ. ಟಾಕೀಸಿನ ಆಫೀಸಿನಲ್ಲಿ ಹಿಡಿದೆ.

“ನನ್ನ ಪಿಕ್ಚರ್ ನಾ ತಿದ್ದೀನ್ರೀ ಟೀಚರಮ್ಮಾ. ಬೆಂಗಳೂರಾಗ ಆ ‘ರಾ’ ಕೇಳಿ ನಗ್ತಾರ.”

“ನಗ್ಲಿ ಬಿಡ್ರಿ. ಹಳೇ ದನಿ ಇದ್ದ ರೀಲು ಎಲ್ಲೈತಿ?”

“ತೊಳಿಯಾಕ ಕೊಟ್ವಿ. ಫಿಲ್ಮಿನಾಗ ಬೆಳ್ಳಿ ಇರ್ತೈತಲ್ರೀ, ತೊಳದು ತಗೀತಾರ.”

ಹಳೇ ಪಾತ್ರೆ ಮಾರಿದವರ ಹಾಗೆ ಹೇಳಿದರು! ಕವಿ ತನ್ನ ಪದ್ಯ ತಿದ್ದಿದರೆ ಮೊದಲ ಮುದ್ರಣ ನನ್ನ ಕಪಾಟಿನಲ್ಲಿರುತ್ತದೆ. ಎರಡನ್ನೂ ಓದಿ ಅವನೊಡನೆ ಜಗಳವಾಡಬಹುದು. ಇವರು ತಿದ್ದಿದ ಮೇಲೆ ಜಗಳಕ್ಕೂ ಏನೂ ಉಳಿಯಲಿಲ್ಲ.

ಹೊರಗೆ ಕಾರಿನ ಬಳಿ ನಿಂತು ಡ್ರೈವರನನ್ನು ಕೂಗಿದರು — “ಏಯ್ ಸುಂಕಣ್ಣಾ, ಜಲ್ದಿ ರಾ!”

“ಅದನ್ನೂ ತಿದ್ದಿಸ್ರಿ ಸಾಹೇಬ್ರ,” ಎಂದೆ. ಮುಖ ತಿರುಗಿಸಿದರು.

17-1, ಮಧ್ಯಾಹ್ನ

ಚಿತ್ರಕ್ಕೆ ಇಂದೇ ಕಡೆ. ಅವ್ವ ಮತ್ತೆ ಅದೇ ಸೀರೆ ಉಟ್ಟು ಕೂತಿದ್ದಾಳೆ. “ಅವತ್ತು ಗದ್ಲದಾಗ ನನಗ ಕೇಳ್ಸಿಲ್ಲ. ಇವತ್ತು ಅಂತಾಳ ನೋಡು.” ರೀಲು ತೊಳೆದು ಬೆಳ್ಳಿ ತೆಗೆದದ್ದು ಅವಳಿಗಿನ್ನೂ ಗೊತ್ತಿಲ್ಲ.

ನಾನೇ ಕೂಗುತ್ತೇನೆ. ಆ ದೃಶ್ಯ ಬಂದಾಗ. ಶಾಲೆಯ ಹುಡುಗಿಯರಿದ್ದರೆ ನಗಲಿ. ಆ ನುಣ್ಣನೆಯ ದನಿ ಮುಚ್ಚಿಹೋಗಬೇಕು.

ಹಿತ್ತಲಿಗೆ ಹೋಗಿ ಒಮ್ಮೆ ಕೂಗಿ ನೋಡಿದೆ. ‘ಯಪ್ಪಾ, ಹಿಂದಕ ರಾ!’

ಒಳಗೆ ಲೋಟ ಬಿದ್ದ ಸದ್ದು.

“ಲಕ್ಷ್ಮೀ?... ಬಿಸಲಾಗ್ಯಾಕ ನಿಂತೀಯೇ ತಾಯಿ, ಒಳಗ ರಾ...”

ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಇನ್ನೂ ಕರೆಯುತ್ತಿದ್ದಾಳೆ. ನಾನು ಈಗ ಯಾರಾಗಿ ಒಳಗೆ —