ನಾಲ್ಕು ಬೀದಿಗೆ ಯಾವ ಬಸ್ಸು

ಮನೆಯಿಂದ, ಅಡುಗೆಮನೆಯ ಮೇಜು
ಮಾರ್ಚ್ ೧೮, ಬುಧವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯಾ? ನಿನ್ನ ಮೊಣಕಾಲು ಅಕ್ಕನ ಮನೆಯ ಮೂರು ಮಹಡಿ ಮೆಟ್ಟಿಲಿಗೆ ಒಗ್ಗಿತೋ ಇಲ್ಲ ಈಗಲೂ ಗೋಡೆ ಹಿಡಿದೇ ಹತ್ತುತ್ತೀಯೋ? ಅಕ್ಕನಿಗೆ ಒಟ್ಟಿಗೆ ಎರಡು ಗಂಟೆಯಾದರೂ ನಿದ್ದೆ ಸಿಗುತ್ತಿದೆಯಾ? ಪಾಪು ಕುಡಿದ ಹಾಲನ್ನೆಲ್ಲ ಕಕ್ಕುವುದು ಕಡಿಮೆಯಾಯಿತಾ? ನೀನು ಕಳಿಸಿದ ಫೋಟೋವನ್ನು ಅಜ್ಜ ಕಿಟಕಿಯ ಹತ್ತಿರ ಹಿಡಿದು ಬಹಳ ಹೊತ್ತು ನೋಡಿ, "ಮೂಗು ನಮ್ಮ ಕಡೇದಲ್ಲ, ಕೂಸು ಬದುಕಿತು" ಎಂದ. ಭಾವನಿಗೆ ಹೇಳು, ಖುಷಿಪಡುತ್ತಾರೆ. ನಾವಿಬ್ಬರೂ ಇಲ್ಲಿ ಊಟ ತಿಂಡಿ ಸರಿಯಾಗಿ ಮಾಡಿಕೊಂಡಿದ್ದೇವೆ. ನಿನ್ನ ಗಿಡಗಳಿಗೆ ನೀರು ಬೀಳುತ್ತಿದೆ, ಒಂದು ಮಾತ್ರ ಸತ್ತಿತು, ಅದು ನೀನಿರುವಾಗಲೇ ಸಾಯುವ ಮನಸ್ಸು ಮಾಡಿತ್ತು.

ವಾರವಾರ ಫೋನಿನಲ್ಲಿ ಮಾತಾಡುವವಳು ಈಗೇಕೆ ಕಾಗದ ಬರೆಯುತ್ತಿದ್ದಾಳೆ ಎಂದು ನಿನಗೆ ಅನ್ನಿಸಬಹುದು. ಫೋನಿನಲ್ಲಿ ಹೇಳಬೇಕೆಂದು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಗಿಡದ ಸಮಾಚಾರ ಹೇಳಿ ಮುಚ್ಚಿದೆ. ನಿನ್ನ ದನಿ ಕೇಳಿದರೆ ನನ್ನ ನಾಲಿಗೆಗೆ ಸುಳ್ಳೇ ಮೊದಲು ಬರುತ್ತದಮ್ಮಾ. ಬರೆಯುವಾಗ ಹಾಗಾಗುವುದಿಲ್ಲ, ತಪ್ಪು ಬರೆದರೆ ಹೊಡೆದುಹಾಕಿ ಮತ್ತೆ ಬರೆಯಬಹುದು. ಇದು ನಾಲ್ಕನೆಯ ಹಾಳೆ. ಮೊದಲಿನ ಮೂರು ಒಲೆಯ ಪಕ್ಕದ ಕಸದ ಬುಟ್ಟಿಯಲ್ಲಿವೆ.

ಡಿಸೆಂಬರಿನಲ್ಲಿ ನಾನು ಸ್ನಾತಕೋತ್ತರ ಓದಿಗೆಂದು ನಾಲ್ಕು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿದ್ದು ನಿನಗೆ ಗೊತ್ತು. ಅರ್ಜಿ ಹಾಕುವ ತನಕ ನಾನು ಮನುಷ್ಯಳಾಗಿಯೇ ಇದ್ದೆ. ಆಮೇಲೆ ಏನಾದೆ ಎಂಬುದರಲ್ಲಿ ಅರ್ಧ ನೀನು ನೋಡಿದ್ದೀಯ, ಉಳಿದರ್ಧ ನೀನು ಅಕ್ಕನ ಹೆರಿಗೆಗೆಂದು ಹೊರಟ ಮೇಲೆ ಬಲಿಯಿತು. ನಮ್ಮ ನೀರು ಪರೀಕ್ಷೆಯ ಲ್ಯಾಬಿನಲ್ಲಿ ಹೊಸದಾಗಿ ಬಂದವರಿಗೆ ಐದು ವರ್ಷದಿಂದ ಪಾಠ ಹೇಳುವವಳು ನಾನೇ. ನೀರಿನಲ್ಲಿ ಕ್ರಿಮಿ ಇದೆಯೋ ಇಲ್ಲವೋ ತಿಳಿಯಲು ಒಂದಿಡೀ ದಿನ ಕಾಯಬೇಕು, ನಡುವೆ ತಟ್ಟೆಯ ಮುಚ್ಚಳ ತೆಗೆದು ತೆಗೆದು ನೋಡಿದರೆ ಎಲ್ಲ ಕೆಟ್ಟುಹೋಗುತ್ತದೆ ಎಂದು. ಅದೇ ನಾನು ಕೈಗವಸು ಬಿಚ್ಚಿ ಶೌಚಾಲಯಕ್ಕೆ ಹೋಗಿ, ಅರ್ಜಿಯ ಪುಟವನ್ನು ಫೋನಿನಲ್ಲಿ ತೆರೆದು, ಮುಚ್ಚಿ, ಮತ್ತೆ ತೆರೆದು ನೋಡುತ್ತಿದ್ದೆ. ಒಂದು ದಿನ ಲೆಕ್ಕ ಇಟ್ಟೆ, ನಲವತ್ತೊಂದು ಸಲ ಆಯಿತು. ಮರುದಿನದಿಂದ ಲೆಕ್ಕ ಬಿಟ್ಟೆ, ನೋಡುವುದನ್ನು ಬಿಡಲಿಲ್ಲ. ಎರಡು ಬಾಟಲಿಗಳ ಚೀಟಿ ಅದಲು ಬದಲು ಮಾಡಿದೆ. ಮೇಲ್ವಿಚಾರಕಿ ಅದನ್ನು ನೋಡಿ ಬೈಯದೆ, "ಮನೇಲಿ ಎಲ್ಲ ಚೆನ್ನಾಗಿದ್ದಾರಾ?" ಎಂದು ಕೇಳಿದಳು. ಬೈದಿದ್ದರೆ ವಾಸಿಯಿತ್ತು.

ಫೆಬ್ರುವರಿಯ ಮೊದಲಲ್ಲಿ ಒಂದು ಕಡೆಯಿಂದ ಆಗುವುದಿಲ್ಲ ಎಂದು ಬಂತು, ಹತ್ತು ದಿನದಲ್ಲಿ ಇನ್ನೊಂದು. ನಿನಗೆ ಎರಡನೆಯದನ್ನು ಹೇಳಲಿಲ್ಲ. ನನ್ನ ಪಕ್ಕದ ಮೇಜಿನವಳೂ ಅರ್ಜಿ ಹಾಕಿದ್ದಳಲ್ಲ, ನಿನಗೆ ಇಷ್ಟವಾದ ಆ ಉದ್ದ ಜಡೆಯವಳು. ನಾನೂ ಅರ್ಜಿ ಹಾಕಿದ್ದ ಮೂರನೆಯ ಕಡೆ ತನ್ನದು ಹೋಯಿತೆಂದು ಅವಳು ನನ್ನ ಹೆಗಲಿಗೆ ಮುಖವಿಟ್ಟು ಅತ್ತಾಗ ಬೆನ್ನು ಸವರಿದೆ. ಸವರುತ್ತಲೇ, ಒಂದು ಜಾಗ ಖಾಲಿಯಾಯಿತು ಎಂದುಕೊಂಡೆ. ನಿನ್ನ ಮಗಳೇ ಅಮ್ಮಾ, ಹಾಗೆ ಅಂದುಕೊಂಡವಳು. ಮನೆಗೆ ಬಂದರೆ ಅಜ್ಜ ಬಾಗಿಲಲ್ಲೇ "ಬಂತಾ?" ಎಂದು ಕೇಳುತ್ತಿದ್ದ. ಒಂದು ಸಂಜೆ, "ಬಂದರೆ ಹೇಳ್ತೀನಿ, ಬರೋವರೆಗೂ ಬಾಯಿ ಮುಚ್ಚಿಕೊಂಡಿರು ಅಜ್ಜ" ಎಂದುಬಿಟ್ಟೆ. ಆಮೇಲೆ ಅವನು ಬಾಯಿ ತೆರೆದು ಕೇಳಲಿಲ್ಲ, ಹುಬ್ಬು ಮಾತ್ರ ಎತ್ತುತ್ತಿದ್ದ. ನಾನು ಅದಕ್ಕೂ ಸಿಡುಕುತ್ತಿದ್ದೆ.

ಇನ್ನು ಹೇಳಬೇಕಾದ್ದು. ಫೆಬ್ರುವರಿ ಇಪ್ಪತ್ತನಾಲ್ಕು, ಮಂಗಳವಾರ, ಅಜ್ಜನ ಬಲಗಣ್ಣಿನ ಪೊರೆ ತೆಗೆಸಿದ ದಿನ. ಈ ಕಣ್ಣಿಗಾಗಿ ಅವನೆಷ್ಟು ಆಸೆ ಇಟ್ಟುಕೊಂಡಿದ್ದ ಎಂದು ನಿನಗೆ ನಾನು ಹೇಳಬೇಕಾಗಿಲ್ಲ. ನಲವತ್ತು ವರ್ಷ ದರ್ಜಿಯಾಗಿದ್ದವನು ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯಬೇಕಾಗಿ ಬಂದದ್ದು ಅವನಿಗೆ ಪೊರೆಗಿಂತ ದೊಡ್ಡ ಕಾಯಿಲೆಯಾಗಿತ್ತು. ಮರಿಮಗುವಿಗೆ ಆರು ಅಂಗಿ ಹೊಲಿಯುತ್ತೇನೆ ಎಂದು ಬಟ್ಟೆ ತಂದು, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕಣ್ಣು ಬಂದ ಮೇಲೆ ಕತ್ತರಿಸೋಣ ಎಂದು ಮಡಿಸಿ ಇಟ್ಟಿದ್ದ. ಬೆಳಿಗ್ಗೆ ಎಂಟಕ್ಕೆ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಿಟ್ಟೆ. ಅಲ್ಲಿನ ನರ್ಸು, "ಒಂದು ಗಂಟೆಗೆ ಬನ್ನಿ, ಒಬ್ಬರೇ ಕಳಿಸೋ ಹಾಗಿಲ್ಲ, ಕಣ್ಣಿಗೆ ಪಟ್ಟಿ ಇರುತ್ತೆ" ಎಂದು ಎರಡು ಸಲ ಹೇಳಿದಳು. ನಮ್ಮ ಲ್ಯಾಬಿಗೂ ಆಸ್ಪತ್ರೆಗೂ ನಾಲ್ಕೇ ಬೀದಿ. ಕೆಲಸ ಮುಗಿಸಿ ಹನ್ನೆರಡೂ ಮುಕ್ಕಾಲಿಗೆ ಹೊರಟೆ.

ಎರಡನೆಯ ಬೀದಿ ದಾಟುವಾಗ ಫೋನು ಸದ್ದು ಮಾಡಿತು. ನಿಮ್ಮ ಅರ್ಜಿಯ ಸ್ಥಿತಿ ಬದಲಾಗಿದೆ, ಪುಟ ನೋಡಿ, ಎಂದಿತ್ತು. ಪುಟ ಫೋನಿನಲ್ಲಿ ತೆರೆಯಲಿಲ್ಲ. ಎದುರಿಗೇ ಸಾರ್ವಜನಿಕ ಗ್ರಂಥಾಲಯ, ಅಲ್ಲಿ ಕಂಪ್ಯೂಟರ್ ಇದೆ. ಐದು ನಿಮಿಷ ಎಂದುಕೊಂಡು ಒಳಗೆ ಹೋದೆ. ಅವಸರದಲ್ಲಿ ಮೂರು ಸಲ ಪಾಸ್‌ವರ್ಡ್ ತಪ್ಪಾಗಿ ಹೊಡೆದೆ, ಅರ್ಧ ಗಂಟೆ ಕಾಯಿರಿ ಎಂದಿತು. ಕಾದೆ. ಕೊನೆಗೆ ತೆರೆದರೆ, ನೀವು ಕಳಿಸಿದ ಅಂಕಪಟ್ಟಿಯ ಪ್ರತಿ ಮಸುಕಾಗಿದೆ, ಇನ್ನೊಮ್ಮೆ ಕಳಿಸಿ ಎಂದಷ್ಟೇ ಇತ್ತು. ಅದನ್ನು ಕಳಿಸಿ ಮುಗಿಸಿದಾಗ ಎರಡು ಗಂಟೆಯೂ ಆಗಿರಲಿಲ್ಲ. ಆಗಲೇ ಎದ್ದು ಓಡಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲ. ನಾನು ಏಳಲಿಲ್ಲ. ನನ್ನ ಹಾಗೆ ಅರ್ಜಿ ಹಾಕಿ ಕಾಯುವವರು ಯಾರಿಗೆ ಏನು ಬಂತು, ಯಾವ ದಿನ ಬಂತು ಎಂದು ಬರೆದುಕೊಳ್ಳುವ ಒಂದು ಪುಟವಿದೆ. ಅದನ್ನು ತೆರೆದು ಓದುತ್ತಾ ಕುಳಿತೆ. ಹೆಸರಿಲ್ಲದವರ ಅಂಕ, ಹೆಸರಿಲ್ಲದವರ ಸಂತೋಷ, ಹೆಸರಿಲ್ಲದವರ ಅಳು. ಅಜ್ಜನ ನೆನಪು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಎರಡು ಸಲ ಬಂತು. ಇನ್ನೊಂದೇ ಪುಟ, ಅಜ್ಜ ಎಲ್ಲಿಗೆ ಹೋಗುತ್ತಾನೆ, ಎಂದುಕೊಂಡೆ. ಗ್ರಂಥಾಲಯವೆಂದು ಫೋನಿನ ಸದ್ದು ಅಡಗಿಸಿದ್ದೆ. ಎದ್ದಾಗ ಮೂರೂ ಇಪ್ಪತ್ತು. ಆಸ್ಪತ್ರೆಯಿಂದ ಏಳು ಕರೆ ಬಂದಿದ್ದವು.

ಆಮೇಲೆ ಕೇಳಿ ತಿಳಿದದ್ದು ಇದು. ಅಜ್ಜ ಪಟ್ಟಿ ಕಟ್ಟಿಕೊಂಡು ಬೆಂಚಿನ ಮೇಲೆ ಎರಡೂವರೆಯವರೆಗೆ ಕುಳಿತಿದ್ದಾನೆ. ಅಷ್ಟರಲ್ಲಿ ನರ್ಸಿನ ಪಾಳಿ ಬದಲಾಯಿತು. ಹೊಸಬಳು, ಯಾರೂ ಬರಲಿಲ್ಲವಾ ತಾತ ಎಂದು ಕೇಳಿದರೆ, "ನನ್ನ ಮೊಮ್ಮಗಳು ತಡ ಮಾಡೋಳಲ್ಲ, ಗೇಟಿನ ಹತ್ರ ಹುಡುಕ್ತಿರ್ತಾಳೆ, ನಾನೇ ಹೋಗಿ ಕಾಣಿಸ್ಕೋತೀನಿ" ಎಂದಿದ್ದಾನೆ. ಇದ್ದ ಒಂದು ಕಣ್ಣಿಗೆ ಮೆಟ್ಟಿಲ ಅಂಚು ಎಲ್ಲಿ ಮುಗಿಯುತ್ತದೆ ಎಂದು ಗೊತ್ತಾಗಿಲ್ಲ. ಬಲಗೈ ಊರಿಕೊಂಡೇ ಬಿದ್ದಿದ್ದಾನೆ. ಗೇಟಿನಲ್ಲಿ ಕೊಡೆ ರಿಪೇರಿ ಮಾಡುವವನು ಎತ್ತಿ ಒಳಗೆ ಕರೆದುಕೊಂಡು ಹೋದನಂತೆ. ನಾನು ಓಡಿ ಬಂದಾಗ ಅದೇ ಬೆಂಚಿನ ಮೇಲಿದ್ದ, ಕೈಗೆ ಯಾರದೋ ಟವೆಲ್ಲು ಸುತ್ತಿತ್ತು, ತುಟಿ ಬಿಳಿಚಿತ್ತು. ನನ್ನ ಹೆಜ್ಜೆಯ ಸದ್ದಿಗೇ ತಲೆ ಎತ್ತಿ, "ಬಸ್ಸು ಸಿಗಲಿಲ್ವಾ ಮಗಾ?" ಎಂದ. ನಾನು, "ಹೌದಜ್ಜ, ಬಸ್ಸು ಸಿಗಲಿಲ್ಲ" ಎಂದೆ.

ಮಣಿಕಟ್ಟು ಮುರಿದಿತ್ತು. ಸಂಜೆ ಪ್ಲಾಸ್ಟರ್ ಹಾಕಿಸಿ ಮನೆಗೆ ಬಂದೊಡನೆ ನಿನ್ನ ಫೋನು ಬಂತು. ಬಸ್ಸಿನ ಕತೆ ಹೇಳಿದರೆ ನೀನು ಒಂದರ ಹಿಂದೆ ಒಂದು ಪ್ರಶ್ನೆ ಕೇಳುತ್ತೀಯ ಎಂದು ಗೊತ್ತಿತ್ತು. ಹಾಗಾಗಿ, ಆಪರೇಷನ್ ಚೆನ್ನಾಗಿ ಆಯಿತು, ಮನೆಗೆ ಬಂದ ಮೇಲೆ ಅಜ್ಜ ಒಬ್ಬನೇ ಬಚ್ಚಲಿಗೆ ಹೋಗಿ ಜಾರಿ ಬಿದ್ದ, ಎಂದೆ. ಅಜ್ಜ ಎದುರಿನ ಕುರ್ಚಿಯಲ್ಲೇ ಇದ್ದ. ಅವನಿಗೆ ಕೊಡು ಎಂದೆ ನೀನು. ಫೋನು ಅವನ ಕಿವಿಗೆ ಹಿಡಿದದ್ದು ನಾನೇ, ಬಲಗೈ ಕುತ್ತಿಗೆಗೆ ತೂಗುಹಾಕಿತ್ತಲ್ಲ, ಎಡಗೈಯಲ್ಲಿ ಫೋನು ಹಿಡಿದು ಅವನಿಗೆ ಅಭ್ಯಾಸವಿಲ್ಲ. ಅದರಿಂದ ನೀನು ಹೇಳಿದ್ದೆಲ್ಲ ನನಗೂ ಕೇಳಿಸಿತು. "ಹೇಳಿದ ಮಾತು ಯಾವತ್ತು ಕೇಳಿದ್ದೀಯಪ್ಪಾ ನೀನು? ಅವಳು ಬೇರೆ ಅರ್ಜಿ ಉತ್ತರ ಅಂತ ಒದ್ದಾಡ್ತಿದ್ದಾಳೆ, ಅವಳ ತಲೆ ಮೇಲೆ ಇನ್ನೊಂದು ಕೂಸಾಗಿ ಕೂತ್ಕೋಬೇಡ. ಎರಡು ತಿಂಗಳು ನೆಟ್ಟಗಿರೋಕೆ ಆಗಲ್ವಾ?" ಅಜ್ಜ ನನ್ನ ಕಡೆ ನೋಡಲಿಲ್ಲ. "ಹೌದು ಮಗಳೇ, ತಪ್ಪಾಯ್ತು. ಚಪ್ಪಲಿ ಜಾರ್ತು" ಎಂದ. ಬಚ್ಚಲಿಗೆ ಯಾರಾದರೂ ಚಪ್ಪಲಿ ಹಾಕಿಕೊಂಡು ಹೋಗುತ್ತಾರಾ ಎಂದು ನೀನು ಅದಕ್ಕೂ ಬೈದೆ. ಅವನು ಹ್ಞೂಂ ಹ್ಞೂಂ ಎನ್ನುತ್ತಿದ್ದ. ಫೋನು ಇಟ್ಟ ಮೇಲೆ, "ಹಸಿವಾಗ್ತಿದೆ, ಏನಾದ್ರೂ ತಿನ್ನೋಣ್ವಾ" ಎಂದ. ಅನ್ನ ಕಲಸಿ ಅವನ ಬಾಯಿಗೆ ಇಟ್ಟೆ. ಆಗಲೂ ಹೇಳಲಿಲ್ಲ. ಅವತ್ತಿನಿಂದ ಹದಿನೇಳು ದಿನ ಹೇಳಲಿಲ್ಲ.

ಹೋದ ಶುಕ್ರವಾರ, ಹದಿಮೂರಕ್ಕೆ, ಮೂರನೆಯ ಕಡೆಯಿಂದ ಉತ್ತರ ಬಂತಮ್ಮಾ. ತೆಗೆದುಕೊಂಡಿದ್ದಾರೆ. ಲ್ಯಾಬಿನಲ್ಲಿ ಓದಿದೆ. ಕುಣಿಯುತ್ತೇನೆ, ನಿನಗೆ ಫೋನು ಮಾಡಿ ಅಳುತ್ತೇನೆ ಎಂದು ಮೂರು ತಿಂಗಳಿಂದ ಕನಸು ಕಂಡವಳು, ಬಾಟಲಿ ತೊಳೆಯುವ ತೊಟ್ಟಿಯ ಮುಂದೆ ಸುಮ್ಮನೆ ನಿಂತೆ. ಮನೆಗೆ ಬಂದರೆ ಅಜ್ಜ ಹೊಸ ಕಣ್ಣನ್ನು ಕಿರಿದು ಮಾಡಿಕೊಂಡು, ಎಡಗೈಯಲ್ಲಿ ದಾರ ಹಿಡಿದು, ಪ್ಲಾಸ್ಟರಿನಿಂದ ಹೊರಗೆ ಬಂದ ಎರಡು ಬೆರಳಲ್ಲಿ ಸೂಜಿ ನಿಲ್ಲಿಸಲು ಹೆಣಗುತ್ತಿದ್ದ. ಸೂಜಿಯ ಕಣ್ಣು ಕಾಣುತ್ತಿದೆ, ಕೈ ಇಲ್ಲ. ಹುಬ್ಬು ಎತ್ತಿದ. ನಾನು ನೆಲದ ಮೇಲೆ ಕುಳಿತು ಮೊದಲು ಗ್ರಂಥಾಲಯದ ವಿಷಯ ಹೇಳಿದೆ, ಓದಿದ ಪುಟದ ವಿಷಯ, ಎರಡು ಸಲ ನೆನಪಾಗಿಯೂ ಏಳದ ವಿಷಯ. ಆಮೇಲೆ ಸೀಟು ಸಿಕ್ಕಿದ್ದು ಹೇಳಿದೆ.

ಅವನು ಸೂಜಿಯನ್ನು ಜೋಪಾನವಾಗಿ ಡಬ್ಬಿಗೆ ಹಾಕಿ ಮುಚ್ಚಿದ. "ನಾಲ್ಕು ಬೀದಿಗೆ ಯಾವ ಬಸ್ಸು ಹತ್ತೋಕೆ ಹೋಗಿದ್ದೆ ಮಗಾ ನೀನು?" ಎಂದ. ಆವತ್ತು ಬಸ್ಸಿನ ಮಾತು ಎತ್ತಿದ್ದೇ ಅವನು, ಗೊತ್ತಿದ್ದೇ ಎತ್ತಿದ್ದ. "ಅಳತೆ ತಪ್ಪಿದಾಗೆಲ್ಲ ಬಟ್ಟೆಯೇ ಕುಗ್ಗಿತು ಅಂತ ಹೇಳಿ ಹೊಟ್ಟೆ ಹೊರೆದವನು ನಾನು. ಸುಳ್ಳು ಹೇಳೋರ ಮುಖ ನಂಗೆ ಪೊರೆ ಒಳಗಿಂದಲೂ ಕಾಣ್ತದೆ" ಎಂದು ನಕ್ಕ. ಹಾಗಾದರೆ ಅಮ್ಮನ ಬೈಗುಳ ಯಾಕೆ ತಿಂದೆ ಎಂದೆ. "ಅವಳ ಬೈಗುಳ ನಂಗೆ ಅಭ್ಯಾಸ. ನಿಂಗೆ ಇನ್ನೂ ಕಾಯೋದು ಬಾಕಿ ಇತ್ತು." ಆಮೇಲೆ ನಗದೆ ಇನ್ನೊಂದು ಮಾತು ಹೇಳಿದ: "ಆದ್ರೆ ಆ ಬೆಂಚಿನ ಮೇಲೆ ನಂಗೆ ಭಯ ಆಗಿತ್ತು. ನಿಂಗೇನೋ ಆಗಿಹೋಗಿದೆ ಅಂತ." ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಮಾತನ್ನು ಎಲ್ಲಿ ಇಟ್ಟುಕೊಳ್ಳಬೇಕೋ ನನಗೆ ಇನ್ನೂ ಗೊತ್ತಾಗಿಲ್ಲ.

ನಾನು ಸೀಟು ಬೇಡ ಎಂದು ಬರೆಯುತ್ತೇನೆ, ನಿನ್ನ ಜೊತೆಯೇ ಇರುತ್ತೇನೆ ಅಜ್ಜ ಎಂದೆ. ಅವನಿಗೆ ಆಗ ಮಾತ್ರ ಸಿಟ್ಟು ಬಂತು. "ನನ್ನ ಕೈ ಮುರಿದು ಸಿಕ್ಕಿದ್ದನ್ನ ಬೀದಿಗೆ ಎಸೀತೀಯಾ?" ಎಂದ. ಸೋಮವಾರ ಒಪ್ಪಿಗೆ ಕಳಿಸಿದ್ದೇನೆ. ನಿನ್ನನ್ನು ಕೇಳದೆ ಕಳಿಸಿದ್ದೇನೆ, ಕ್ಷಮಿಸು. ಬೇಡ ಎನ್ನುವಷ್ಟು ದೊಡ್ಡ ಮನಸ್ಸು ನನಗೆ ಇರಲಿಲ್ಲ ಅಮ್ಮಾ. ಅಜ್ಜ ಬೈದದ್ದು ನೆಪ. ಅವನು ಬೈಯದಿದ್ದರೂ ನಾನು ಕಳಿಸುತ್ತಿದ್ದೆ ಎಂದೇ ತೋರುತ್ತದೆ. ಓದು ಶುರುವಾಗುವುದು ಸೆಪ್ಟೆಂಬರಿಗೆ. ಪ್ಲಾಸ್ಟರ್ ತೆಗೆಯುವುದು ಏಪ್ರಿಲ್ ಏಳಕ್ಕೆ. ಕೈ ಮೊದಲಿನಂತೆ ಕತ್ತರಿ ಹಿಡಿಯುತ್ತದೆಯೋ ಎಂದು ಕೇಳಿದರೆ ಡಾಕ್ಟರು, "ಈ ವಯಸ್ಸಿಗೆ, ನೋಡೋಣ" ಎಂದರು. ಕಣ್ಣಿಗೆ ಏನೂ ಆಗಿಲ್ಲ, ಅದು ನಿಜ, ಅದರಲ್ಲಿ ಸುಳ್ಳಿಲ್ಲ. ರಜೆ ಹಾಕಿ ಎಲ್ಲ ತಪಾಸಣೆಗೂ ನಾನೇ ಹೋಗುತ್ತಿದ್ದೇನೆ, ಬೆಂಚಿನ ಮೇಲೆ ಅವನ ಪಕ್ಕದಲ್ಲೇ ಕೂರುತ್ತೇನೆ.

ಅಕ್ಕನಿಗೆ ಇದನ್ನು ಈಗಲೇ ಓದಿ ಹೇಳಬೇಡ, ಹಾಲೂಡಿಸುವವಳು. ಭಾವನಿಗೆ ನಮಸ್ಕಾರ ತಿಳಿಸು. ಪಾಪುವಿನ ಅಂಗಾಲಿಗೆ ನನ್ನದೊಂದು ಮುತ್ತು. ನನ್ನನ್ನು ನೀನು ಎಷ್ಟು ಬೇಕಾದರೂ ಬೈಯಿ, ಆದರೆ ಬರೆದು ಬೈಯಿ. ಹಾಗಾದರೆ ಇಟ್ಟುಕೊಂಡು ಮತ್ತೆ ಮತ್ತೆ ಓದಬಹುದು.

ನಿನ್ನ ಕಾಲಿಗೆ ಬೀಳುವ
ಚಿಕ್ಕವಳು

ಮರೆತದ್ದು: ಅಂಚೆ ಹೋಗುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಮೂರು ಭಾನುವಾರದಿಂದ ಅಜ್ಜನಿಗೆ ಕೊಡು ಎಂದಾಗೆಲ್ಲ ಮಲಗಿದ್ದಾನೆ ಎನ್ನುತ್ತಿದ್ದೇನಲ್ಲ, ಅವನು ಮಲಗಿರುವುದಿಲ್ಲ. ತಲೆ ಬಾಚಿಕೊಂಡು ಫೋನಿನ ಪಕ್ಕದ ಕುರ್ಚಿಯಲ್ಲೇ ಕುಳಿತಿರುತ್ತಾನೆ. ನೀನು ಮಾತು ಮುಗಿಸುವವರೆಗೂ ಏಳುವುದಿಲ್ಲ. ನಾನು ಫೋನು ಚಾಚಿದರೆ ಮಾತ್ರ ಎಡಗೈ ಕೆನ್ನೆಗೆ ಇಟ್ಟು ನಿದ್ದೆ ಎಂದು ಹೇಳು ಅಂತ ಸನ್ನೆ ಮಾಡುತ್ತಾನೆ. ಇನ್ನೊಮ್ಮೆ ಬೈಸಿಕೊಳ್ಳುವ ಧೈರ್ಯ ಅವನಿಗಿಲ್ಲ. ಈ ಭಾನುವಾರ ನನ್ನ ಹತ್ತಿರ ಮಾತಾಡಬೇಡ. ಅವನ ಹತ್ತಿರ ಮಾತಾಡು. ಬಚ್ಚಲಲ್ಲಿ ಬೀಳಲಿಲ್ಲ ಎಂದು ನಿನಗೆ ಗೊತ್ತು ಅಂತ ಮೊದಲು ಹೇಳು, ಆಮೇಲೆ ಅಪ್ಪಾ ಎಂದು ಕರೆ.