ಅರಬೈಲ್ ಘಾಟಿನ ಹಸಿರು ಟೊಂಗೆ

ತಡಸ ಕ್ರಾಸ್
ಎರಡನೇ ಮೇ ತಿಂಗಳ ಒಂಬತ್ತು, ೨೧೬೩

ದಾವಲಸಾಬ ಮುತ್ಯಾ ಅವರಿಗೆ ರಮಜಾನಬಿಯ ಸಲಾಮು.

ತಾರೀಕು ನೋಡಿ ಕೈತಪ್ಪೆಂದು ತಿಳಿಯಬೇಡಿ. ನಮ್ಮಲ್ಲಿ ಮೇ ತಿಂಗಳು ಎರಡು. ಮಳೆಯೇ ಬೀಳದೆ ಜೂನ್ ಎಂದು ಕರೆಯುವುದು ಜನರಿಗೆ ಅಣಕದಂತೆ ಕಂಡಿತು. ಹಾಗಾಗಿ ಮೊದಲ ಮಳೆಯವರೆಗಿನ ದಿನಗಳಿಗೆ ಸರಕಾರವೇ ಎರಡನೇ ಮೇ ಎಂದು ಹೆಸರಿಟ್ಟಿದೆ. ಇನ್ನೂ ಕೆಲವು ಮಾತು ನಿಮಗೆ ವಿಚಿತ್ರವೆನಿಸಬಹುದು. ಬಂದಲ್ಲಿ ಬಿಡಿಸಿ ಹೇಳುತ್ತೇನೆ, ಬಿಟ್ಟುಹೋದರೆ ಮನ್ನಿಸಿ. ನಾನು ಹತ್ತನೆಯವರೆಗೆ ಓದಿದವಳು. ದಿನವೂ ನಾಲ್ಕು ಸಾಲು ಬರೆಯುವ ರೂಢಿ ಇದೆ, ಅಷ್ಟೇ. ಹೋದ ಚಳಿಗಾಲದಿಂದ ಆ ಸಾಲುಗಳನ್ನು ತೀರಿಹೋದ ನನ್ನ ಗಂಡ ಮೌಲಾಸಾಬರಿಗೆ ಬರೆಯುತ್ತಿದ್ದೆ. ಇವತ್ತಿನದನ್ನು ಅವರಿಗೆ ತಿಳಿಸಲು ಧೈರ್ಯವಾಗಲಿಲ್ಲ. ನೀವು ಅವರ ಅಜ್ಜನ ಅಜ್ಜ. ನೀವಿರುವ ಕಾಲದಲ್ಲಿ ನಿಮಗೆ ನನ್ನ ಮಗಳಷ್ಟೇ ವಯಸ್ಸು. ಆದರೂ ಮುತ್ಯಾ ಎನ್ನದೆ ಬೇರೆ ಹೇಗೆ ಕರೆಯಲಿ?

ನಿಮ್ಮ ಬಗ್ಗೆ ಮನೆತನದಲ್ಲಿ ಉಳಿದಿರುವುದು ಒಂದೇ ಕತೆ. ಇದೇ ತಡಸ ಕ್ರಾಸಿನಲ್ಲಿ, ನಿಮ್ಮ ಸೋದರಮಾವನ ಪಂಕ್ಚರ್ ಅಂಗಡಿಯ ಮುಂದೆ ಹಳೇ ಟೈರಿನ ಮೇಲೆ ಕೂತು, ಲಾರಿ ಕಲಿಯಲೋ ಬೇಡವೋ ಎಂದು ಒಂದು ಬೇಸಿಗೆಯೆಲ್ಲ ಯೋಚಿಸಿದಿರಂತೆ. ಲೋಡು ಸಿಗದೆ ರಸ್ತೆ ಬದಿಯಲ್ಲಿ ಲಾರಿಗಳು ಸಾಲಾಗಿ ನಿಂತಿದ್ದ ಕಾಲವಂತೆ. ಊಟಕ್ಕೆ ಕರೆಯಲು ಬಂದ ನಿಮ್ಮ ತಾಯಿ, "ಮನಷ್ಯಾರ ಇಲ್ದ ಓಡೂ ಗಾಡಿ ಬರ್ತಾವಂತ. ಆಮ್ಯಾಲೆ ನಿನ್ನ ಯಾರ ಕರೀತಾರೋ?" ಎಂದು ಕೇಳಿದ್ದರಂತೆ. ನೀವು ಏನು ಉತ್ತರ ಕೊಟ್ಟಿರಿ ಎಂಬುದು ಕತೆಯಲ್ಲಿಲ್ಲ. ಕೊನೆಗೆ ಲಾರಿ ಹತ್ತಿದಿರಿ ಎಂಬುದು ಮಾತ್ರ ಗೊತ್ತು. ಈಗ ನನ್ನ ಮಗಳು ಜೈನಾಬಿ ಅದೇ ಮಾತು ಎತ್ತಿದಳು, ನಾನು ನಿಮ್ಮ ತಾಯಿಯ ಜಾಗದಲ್ಲಿ ನಿಂತೆ.

ನಿಮ್ಮ ತಾಯಿ ಹೇಳಿದ್ದು ನಿಜವಾಯಿತು. ನಮ್ಮ ರಸ್ತೆಯಲ್ಲಿ ಓಡುವುದು ಸಾಲುಗಾಡಿಗಳು. ಒಂದರ ಹಿಂದೆ ಒಂದು ಅಂಟಿಕೊಂಡಂತೆ ಹೋಗುವ ಲಾರಿಗಳು, ಯಾವುದರಲ್ಲೂ ಡ್ರೈವರ್ ಇಲ್ಲ. ಕೊನೆಯದರಲ್ಲಿ ಮಾತ್ರ ಒಬ್ಬ ಕೂತಿರುತ್ತಾನೆ, ಅವನಿಗೆ ಬಾಲದಾಳು ಎನ್ನುತ್ತೇವೆ. ಗಾಡಿ ಕೆಟ್ಟರೆ, ದನ ಅಡ್ಡ ಮಲಗಿ ಏಳದಿದ್ದರೆ, ಇಳಿದು ನೋಡುವುದು ಅವನ ಕೆಲಸ. ಸಾಲುಗಾಡಿಗೆ ಹಾರ್ನ್ ಇಲ್ಲ. ಎಂಜಿನ್ನಿನ ಸದ್ದೂ ಇಲ್ಲ. ಕತ್ತಲಾದರೂ ದೀಪ ಹಚ್ಚುವುದಿಲ್ಲ, ಯಂತ್ರಕ್ಕೆ ಬೆಳಕು ಬೇಡವಂತೆ. ಟೈರು ಉಜ್ಜುವ ಸಪ್ಪಳ ಕೇಳುವಷ್ಟರಲ್ಲಿ ಅದು ನಮ್ಮನ್ನು ದಾಟಿ ಹೋಗಿರುತ್ತದೆ. ಇಲ್ಲಿನ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಅಂಗಾಲಿನಿಂದ ನೆಲದ ನಡುಕ ಗುರುತಿಸುವುದನ್ನು ಕಲಿಸುತ್ತೇವೆ. ಮಧ್ಯಾಹ್ನ ಡಾಂಬರು ಕರಗುವುದರಿಂದ ರಸ್ತೆಗೆ ಬಾಗಿಲು ಹಾಕುತ್ತಾರೆ. ಆಗ ಊರೆಲ್ಲ ನೆರಳುಮನೆಯಲ್ಲಿ ಸೇರುತ್ತದೆ. ಒದ್ದೆ ಗೋಣಿ ಇಳಿಬಿಟ್ಟ ದೊಡ್ಡ ಚಪ್ಪರ ಅದು. ಶಾಲೆ, ಹೊಲಿಗೆ, ಜಗಳ, ನಿದ್ದೆ ಎಲ್ಲ ಅಲ್ಲಿಯೇ. ಕುಡಿಯುವ ನೀರು ಅಂಕೋಲೆಯ ಕಡೆಯಿಂದ, ಕಡಲಿನ ಉಪ್ಪು ತೆಗೆದು, ಸಾಲುಗಾಡಿಯಲ್ಲಿ ಘಾಟು ಹತ್ತಿ ಬರುತ್ತದೆ. ಹಾಗಾಗಿ ಆ ರಸ್ತೆಯನ್ನು ಯಾರೂ ಬೈಯುವಂತಿಲ್ಲ. ನನ್ನ ಗಂಡನನ್ನು ತೆಗೆದುಕೊಂಡ ದಾರಿಯಿಂದ ಬಂದ ನೀರನ್ನೇ ನಾನೂ ಕುಡಿಯುತ್ತೇನೆ.

ಅವರು ಬಾಲದಾಳಾಗಿದ್ದರು. ಅರಬೈಲ್ ಘಾಟಿನಲ್ಲಿ, ಮಂಜು ಕವಿದ ಬೆಳಗಿನಲ್ಲಿ, ಅವರು ಕೂತಿದ್ದ ಕೊನೆಯ ಗಾಡಿ ಸತ್ತು ನಿಂತಿತು. ಉಳಿದವು ಕೊಂಡಿ ಕಳಚಿಕೊಂಡು ಮುಂದೆ ಹೋದವು. ಗಾಡಿಗಳು ತಮ್ಮತಮ್ಮಲ್ಲೇ ಸುದ್ದಿ ಕಳಿಸಿಕೊಳ್ಳುವ ವ್ಯವಸ್ಥೆ ಇದೆ, ಆದರೆ ಘಾಟಿನ ಮಡಿಕೆಗಳಲ್ಲಿ ಅದು ಮುಟ್ಟುವುದಿಲ್ಲ. ಅವರು ನಿಮ್ಮ ಕಾಲದಿಂದ ಮನೆಯಲ್ಲಿ ಕಲಿಸಿಕೊಂಡು ಬಂದದ್ದನ್ನೇ ಮಾಡಿದರು. ಹಿಂದಕ್ಕೆ ನಡೆದು, ತಿರುವಿಗಿಂತ ಮೊದಲೇ, ಹಸಿರು ಟೊಂಗೆ ಕಡಿದು ರಸ್ತೆಗೆ ಅಡ್ಡ ಹಾಕಿ, ಹಾರದಂತೆ ಮೇಲೆ ಕಲ್ಲಿಟ್ಟರು. ಮುಂದೆ ಗಾಡಿ ಕೆಟ್ಟು ನಿಂತಿದೆ, ನಿಧಾನ ಬಾ ಎಂದು ಅದರ ಅರ್ಥ. ನಿಮಗೆ ಹೇಳಬೇಕಿಲ್ಲ. ಆಮೇಲೆ ವಾಪಸು ಬಂದು ಗಾಡಿಯ ಕೆಳಗೆ ಬಾಗಿದರು. ಹಿಂದಿನ ಸಾಲುಗಾಡಿ ಬಂತು. ಕಲ್ಲನ್ನು ಚೂರು ತಪ್ಪಿಸಿ, ಸೊಪ್ಪಿನ ಮೇಲೆ ಹಾಯ್ದು, ವೇಗ ಒಂದಿಷ್ಟೂ ತಗ್ಗಿಸದೆ ತಿರುವು ತಿರುಗಿತು. ತಿರುಗಿದ ಮೇಲೆ ನಿಲ್ಲಲು ಜಾಗವಿರಲಿಲ್ಲ.

ವಿಚಾರಣೆಗೆಂದು ರಸ್ತೆ ಇಲಾಖೆಯ ಒಬ್ಬ ಹುಡುಗಿ ಮನೆಗೆ ಬಂದಳು. ಚಾಪೆಯ ಮೇಲೆ ಕೂತು ಚಹಾ ಕುಡಿದಳು. ಯಂತ್ರಕ್ಕೆ ಟೊಂಗೆ ಏಕೆ ತಿಳಿಯಲಿಲ್ಲ ಎಂದು ಕೇಳಿದೆ. ಅವಳು ಯಂತ್ರ ಮೊಟ್ಟಮೊದಲು ನೋಡಿ ಕಲಿತ ಚಿತ್ರಗಳನ್ನು ತೋರಿಸಿದಳು. ಎಲ್ಲವೂ ನಿಮ್ಮ ಕಾಲದವು. ಲಾರಿಗಳ ಗಾಜಿನ ಹಿಂದೆ ಕೂಡಿಸಿದ ಕ್ಯಾಮೆರಾಗಳು ಹಿಡಿದವು. ರಸ್ತೆಯ ಮೇಲೆ ಟೊಂಗೆ ಬಿದ್ದಿದೆ, ಕಲ್ಲೂ ಇದೆ. ಆದರೆ ಮುಂದೆ ಕೆಟ್ಟ ಗಾಡಿ ಇಲ್ಲ. ರಿಪೇರಿ ಮಾಡಿಕೊಂಡವರು ಹಾಕಿದ್ದನ್ನು ಎತ್ತದೆ ಹಾಗೇ ಹೋಗಿದ್ದಾರೆ. ಹಿಂದೆ ಬಂದ ಡ್ರೈವರಿಗೆ ಅದು ಗೊತ್ತು. ಕಲ್ಲು ತಪ್ಪಿಸುತ್ತಾನೆ, ಸೊಪ್ಪಿನ ಮೇಲೆ ಹಾಯಿಸುತ್ತಾನೆ. ಇನ್ನೊಬ್ಬ, ಮತ್ತೊಬ್ಬ. 

"ನಾವು ಕಲಿಸಿದ್ದಲ್ಲರೀ ಅವ್ವಾರ," ಎಂದಳು ಆ ಹುಡುಗಿ. "ಅದು ನೋಡಿ ಕಲತದ್ದು. ಟೊಂಗಿ ಅಂದ್ರ ಕಸ ಅಂತ ಕಲತದ."

ಆಮೇಲಿನ ಯಂತ್ರಗಳೆಲ್ಲ ಮೊದಲಿನ ಯಂತ್ರದಿಂದಲೇ ಕಲಿತವಂತೆ. ಮೇಲೆ ಎಷ್ಟೋ ಸಲ ಹೊಸದಾಗಿ ಕಟ್ಟಿದರು, ಪಾಯವನ್ನು ಯಾರೂ ಅಗೆಯಲಿಲ್ಲ. ಆ ಚಿತ್ರಗಳಲ್ಲಿ ನಿಮ್ಮ ಲಾರಿ ಇತ್ತೇ ಎಂದು ನಾನು ಕೇಳಲಿಲ್ಲ. ಕೇಳಲು ಹೆದರಿಕೆಯಾಯಿತು.

ಈಗ ಇಲಾಖೆಯವರು ಪಾಯದಿಂದ ಕಲಿಸಲು ಹೊರಟಿದ್ದಾರೆ. ಅದಕ್ಕೆ ಕಲಿಕೆಗಾಡಿ ಎಂದು ಮಾಡಿದ್ದಾರೆ. ಅದನ್ನು ಮನುಷ್ಯರು ಕೈಯಿಂದಲೇ ಓಡಿಸಬೇಕು. ಟೊಂಗೆ ಕಂಡಲ್ಲೆಲ್ಲ ನಿಧಾನಿಸಬೇಕು, ಮುಂದೆ ಏನಿದೆ ನೋಡಬೇಕು. ಏನೂ ಇಲ್ಲದಿದ್ದರೆ ಇಳಿದು ಟೊಂಗೆಯನ್ನು ಎತ್ತಿ ಬದಿಗೆ ಹಾಕಬೇಕು. ಇದನ್ನು ಬೇರೆ ಮೈದಾನದಲ್ಲಿ ಮಾಡುವಂತಿಲ್ಲ. ಅದೇ ಘಾಟಿನಲ್ಲಿ, ಅವೇ ಸಾಲುಗಾಡಿಗಳ ನಡುವೆ, ಅವು ನೋಡುವಂತೆ ಮಾಡಬೇಕು. ಡ್ರೈವರ್ ಮನೆತನದ ಮಕ್ಕಳನ್ನು ಕರೆದರು. ಜೈನಾಬಿ ನನ್ನನ್ನು ಕೇಳದೆ ಹೆಸರು ಕೊಟ್ಟು ಬಂದಳು.

ನನ್ನ ನಾದಿನಿ ಪೀರಂಬಿ ನೆರಳುಮನೆಯಲ್ಲಿ ಎಲ್ಲರ ಎದುರು, "ಅಣ್ಣನ್ನ ತಿಂದ ದಾರಿಗೆ ಮಗಳ್ನೂ ಕಳಸ್ತಿಯೇನ ವೈನಿ?" ಎಂದಳು. ನಾನು ಹೊಲಿಗೆ ಮಡಿಸಿ ಎದ್ದೆ. ಮನೆಗೆ ಬಂದು ಜೈನಾಬಿಯ ಹತ್ತಿರ ಅತ್ತೆ, ಬೈದೆ. ಕೆಲಸವಾದರೂ ಗಟ್ಟಿಯದಲ್ಲ, ಅದು ಕಲಿತುಕೊಂಡ ದಿನವೇ ನಿಮ್ಮನ್ನೆಲ್ಲ ಮನೆಗೆ ಕಳಿಸುತ್ತಾರೆ ಎಂದೆ. ಅವಳು ಹಿಟ್ಟು ನಾದುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಮುಗೀಲಿ ಅವ್ವಾ. ಮುಗಸಾಕನ ಹೊಂಟೀನಿ."

ಆಮೇಲೆ ನನ್ನ ಮುಖ ನೋಡಿ, ನೀನು ರೊಟ್ಟಿ ಬಡಿಯುವಾಗ ಕೈ ಸುಟ್ಟುಕೊಂಡಷ್ಟು ಸಲ ಯಾವ ಡ್ರೈವರೂ ಪೆಟ್ಟು ತಿಂದಿಲ್ಲ, ಹೆದರಬೇಕಾದದ್ದು ಒಲೆಗೆ ಎಂದಳು. ಚಳಿಗಾಲದ ನಂತರ ಮೊದಲ ಸಲ ನನಗೆ ನಗು ಬಂತು. ನಕ್ಕ ಮೇಲೆ ಇನ್ನೂ ಹೆದರಿಕೆಯಾಯಿತು. ಅವಳು ನಗುವುದು ಥೇಟ್ ಅವಳ ಅಪ್ಪನಂತೆ.

ಇವತ್ತು ಬೆಳಿಗ್ಗೆ ಹೋದಳು. ಹೋಗು ಎಂದು ನನ್ನ ಬಾಯಿಂದ ಬರಲಿಲ್ಲ. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕೈಗೆ ಕೊಟ್ಟೆ, ಅವಳು ಅದನ್ನೇ ಒಪ್ಪಿಗೆ ಎಂದು ತೆಗೆದುಕೊಂಡಳು. ಕ್ರಾಸಿನವರೆಗೆ ಹೋಗಿ ನಿಂತೆ. ಹಳದಿ ಬಣ್ಣದ ಗಾಡಿ, ಒಳಗೆ ನಿಮ್ಮ ಕಾಲದಂಥದೇ ಸ್ಟೇರಿಂಗು. ಸ್ವಲ್ಪ ದೂರ ಹೋಗಿ ನಿಂತುಬಿಟ್ಟಿತು. ರಸ್ತೆಯ ಮೇಲೆ ಇಲಾಖೆಯವರು ಹಾಕಿದ್ದ ಬೇವಿನ ಟೊಂಗೆ ಇತ್ತು. ಅವಳು ಇಳಿದಳು. ಅಷ್ಟರಲ್ಲಿ ನನ್ನ ಅಂಗಾಲಿಗೆ ನೆಲದ ನಡುಕ ತಾಗಿತು. ಹಿಂದಿನಿಂದ ಸಾಲುಗಾಡಿ ಬರುತ್ತಿತ್ತು. ನಾನು ಅವಳ ಕಡೆಗೆ ಎರಡು ಹೆಜ್ಜೆ ಓಡಿದೆ. ಅದು ಬಂದು, ಅವಳ ಗಾಡಿಯ ಹಿಂದೆ ನಿಂತಿತು. ಅವಳು ಅವಸರ ಮಾಡಲಿಲ್ಲ. ಟೊಂಗೆಯನ್ನು ಎರಡೂ ಕೈಯಲ್ಲಿ ಎತ್ತಿ, ಸಾಲುಗಾಡಿಯ ಕಣ್ಣಿಗೆ ಕಾಣುವಂತೆ ಹಿಡಿದು, ಬದಿಗೆ ಹಾಕಿ ಹತ್ತಿದಳು. ಎರಡೂ ಘಾಟಿನ ಕಡೆಗೆ ಹೋದವು. ಯಂತ್ರ ಏನು ನೋಡಿತೋ, ಏನು ತಿಳಿದುಕೊಂಡಿತೋ, ನನಗೆ ಗೊತ್ತಿಲ್ಲ. ಹೀಗೆ ಎಷ್ಟು ಸಾವಿರ ಸಲ ತೋರಿಸಬೇಕೆಂದು ಇಲಾಖೆಯವರಿಗೂ ಗೊತ್ತಿಲ್ಲ.

ಮುತ್ಯಾ, ಈ ಕಾಗದದ ಮಟ್ಟಿಗೆ ನೀವಿನ್ನೂ ಆ ಟೈರಿನ ಮೇಲೆ ಕೂತಿದ್ದೀರಿ. ಏಳಿ ಎಂದೂ ಏಳಬೇಡಿ ಎಂದೂ ನಾನು ಹೇಳಲಾರೆ, ನನ್ನ ಮಗಳಿಗೇ ಹೇಳಲಾಗಲಿಲ್ಲ. ಗಾಡಿ ನಿಮ್ಮ ಕೆಲಸ ಕಸಿಯುತ್ತದೆಂದು ನಿಮ್ಮ ತಾಯಿ ಹೆದರುತ್ತಾರೆ. ಅದು ನಿಮ್ಮನ್ನು ನೋಡುತ್ತಿರುತ್ತದೆ ಎಂಬುದು ಅವರಿಗೆ ಗೊತ್ತಿಲ್ಲ. ಎದ್ದು ಹತ್ತುವುದಾದರೆ ನನ್ನದೊಂದು ಬೇಡಿಕೆ ಇದೆ. ಎಂದಾದರೂ ನಿಮ್ಮ ಲಾರಿ ದಾರಿಯಲ್ಲಿ ಕೆಟ್ಟೀತು, ನೀವು ಟೊಂಗೆ ಹಾಕುತ್ತೀರಿ. ರಿಪೇರಿಯಾದ ಮೇಲೆ, ಎಷ್ಟೇ ತಡವಾಗಿರಲಿ, ಕ್ಲೀನರ್ ಎಷ್ಟೇ ಗೊಣಗಲಿ, ಮಾಲೀಕನ ಫೋನು ಎಷ್ಟೇ ಹೊಡೆದುಕೊಳ್ಳಲಿ, ಹಿಂದಕ್ಕೆ ನಡೆದು ಹೋಗಿ ಅದನ್ನು ಎತ್ತಿ ಬದಿಗೆ ಹಾಕಿ. ಬೇರೆಯವರು ಹಾಕಿದ್ದು ಕಂಡರೆ ನಿಧಾನಿಸಿ.

ನನ್ನ ಮಗಳು ಈಗ ಘಾಟಿನಲ್ಲಿದ್ದಾಳೆ.